ಬಿದ್ದರೆ ಪರಿಹಾರ, ಸೋರಿದರೆ ಬಕೆಟ್ಟು

ಹಸ್ತ ಮಳೆ ಹಿಡಿಯಿತೆಂದರೆ ಮಧುಗಿರಿಯ ನಮ್ಮ ಮನೆಯಲ್ಲಿ ಮೂರು ಬಕೆಟ್ಟು ಮಲಗುವ ಕೋಣೆಗೆ ಬರುತ್ತವೆ. ತಾರಸಿ ಸೋರಲು ಶುರುವಾಗಿ ಇದು ನಾಲ್ಕನೇ ವರ್ಷ. ಎರಡು ಸಲ ವಾಟರ್‌ಪ್ರೂಫಿಂಗ್ ಬಳಿಸಿದ್ದೂ ಆಯಿತು. "ಸಾಲ ಕೊಡುವಾಗ ಇನ್ಶೂರೆನ್ಸ್ ಅಂತ ದುಡ್ಡು ಹಿಡ್ಕೊಂಡ್ರಲ್ಲಪ್ಪಾ, ಅದನ್ನಾದ್ರೂ ಕೇಳಬಾರ್ದಾ?" ಅಂದರು ಅಮ್ಮ.

ಕಡತ ತೆಗೆದು ನೋಡಿದೆ. ಅದು ಮನೆಯ ವಿಮೆಯೇ ಅಲ್ಲ! ನಾನು ಸತ್ತರೆ ಸಾಲ ತೀರಿಸಿಕೊಳ್ಳಲು ಮಾಡಿಸಿದ ಜೀವವಿಮೆ. ಸಹಿ ಹಾಕಿಸಿಕೊಂಡವರು ಹೇಳಲಿಲ್ಲ, ಪತ್ರಿಕೋದ್ಯಮ ಓದಿದ ನಾನೂ ಕೇಳಲಿಲ್ಲ.

ಮನೆಯ ವಿಮೆ ಇದ್ದಿದ್ದರೂ ಸೋರಿಕೆಗೆ ದುಡ್ಡು ಬರುತ್ತಿರಲಿಲ್ಲ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿ ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪಕ್ಕೆ ಪರಿಹಾರ ಕೊಡುತ್ತದೆ. ನೀರಿನ ಟ್ಯಾಂಕು, ಪೈಪು ಒಡೆದು ಹಾನಿಯಾದರೂ ಕೊಡುತ್ತದೆ. ವರ್ಷಗಟ್ಟಲೆ ಹನಿಹನಿಯಾಗಿ ಸೋರುವುದು ಮಾತ್ರ ಆ ಪಟ್ಟಿಯಲ್ಲಿಲ್ಲ. ಅದು ಮನೆಯವನೇ ಮಾಡಿಸಬೇಕಾದ ರಿಪೇರಿ. ವಿಮೆ ಇರುವುದು ಅನಿರೀಕ್ಷಿತ ಹಾನಿಗೆ ಎಂಬುದನ್ನು ಒಪ್ಪೋಣ. ಹಾಗಾದರೆ ರಿಪೇರಿಗೆ ಕೈಯಲ್ಲಿ ಕಾಸಿಲ್ಲದವರು ಎಲ್ಲಿಗೆ ಹೋಗಬೇಕು?

ತಾಲ್ಲೂಕು ಕಚೇರಿಗೆ ಹೋದರೂ ಉಪಯೋಗವಿಲ್ಲ. ವಿಪತ್ತು ಪರಿಹಾರದ 2022–26ರ ಮಾನದಂಡದಂತೆ ಮನೆ ಪೂರ್ತಿ ಬಿದ್ದರೆ ಬಯಲುಸೀಮೆಯಲ್ಲಿ 1.20 ಲಕ್ಷ ರೂಪಾಯಿ. ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದಕ್ಕೂ ಕನಿಷ್ಠ ಶೇ 15ರಷ್ಟು ಹಾನಿಯಾಗಿರಬೇಕು. ಕೆಲವು ವರ್ಷ ರಾಜ್ಯ ಸರ್ಕಾರ ಇದಕ್ಕೆ ಇನ್ನಷ್ಟು ಸೇರಿಸಿ ಕೊಟ್ಟಿದ್ದೂ ಉಂಟು, ಆದರೆ ಅದೂ ಬಿದ್ದ ಮನೆಗೇ. ತೊಟ್ಟಿಕ್ಕುವ ಸೂರಿಗೆ ಯಾರು ಮಹಜರು ಬರೆಯುತ್ತಾರೆ?

ನನ್ನದು ಆರ್‌ಸಿಸಿ, ನಿದ್ದೆ ಕೆಡುತ್ತದೆ ಅಷ್ಟೇ. ಪಾವಗಡ, ಶಿರಾ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಸೋರುವುದೆಂದರೆ ಕುಸಿಯುವ ಮುನ್ಸೂಚನೆ. ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕೆಳಗೆ ತೊಲೆ, ಜಂತೆ ಮೆತ್ತಗಾಗುತ್ತವೆ. ಒಂದು ರಾತ್ರಿ ಮಲಗಿದವರ ಮೇಲೇ ಬೀಳುತ್ತದೆ. ನಮ್ಮದು ಬರದ ಸೀಮೆ, ಸೂರು ನೆನಪಾಗುವುದೇ ಮಳೆ ಬಂದ ಮೇಲೆ.

ನಾವು ಸ್ಟ್ರಿಂಗರ್‌ಗಳೂ ಸಾಚಾಗಳಲ್ಲ. ಮನೆ ಬಿದ್ದರೆ ಫೋಟೊ, ಶಾಸಕರ ಭೇಟಿ, ಚೆಕ್ಕು ವಿತರಣೆ. ನಾನೂ ಅಂಥ ಸುದ್ದಿ ಎಷ್ಟೋ ಕಳಿಸಿದ್ದೇನೆ. ಹಿಂದಿನ ಮಳೆಗಾಲದಲ್ಲಿ ಆ ಮನೆ ಸೋರುತ್ತಿತ್ತೇ ಎಂದು ಒಮ್ಮೆಯೂ ಕೇಳಿಲ್ಲ.

ಬ್ಯಾಂಕಿನವರು ಹಿಡಿದ ದುಡ್ಡು ಜೀವಕ್ಕೋ ಮನೆಗೋ, ಯಾವುದಕ್ಕೆ ಪರಿಹಾರ ಇಲ್ಲ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಲಿ. ಸರ್ಕಾರ ಮುಂಗಾರಿಗೆ ಮುಂಚೆಯೇ ಪಂಚಾಯ್ತಿವಾರು ಸೋರುವ ಮಾಳಿಗೆಗಳ ಪಟ್ಟಿ ಮಾಡಿ ರಿಪೇರಿಗೆ ಹಣ ಕೊಡಲಿ. ಬಿದ್ದ ಮೇಲೆ 1.20 ಲಕ್ಷ ಕೊಡುವವರಿಗೆ, ಬೀಳುವ ಮೊದಲು ಹತ್ತಿಪ್ಪತ್ತು ಸಾವಿರ ಕೊಡುವುದು ನಷ್ಟವೇ?

ಓದಿದವರು ಇವತ್ತೇ ನಿಮ್ಮ ಸಾಲದ ಕಡತ ತೆಗೆಯಿರಿ. ಹೇಳದೆ ವಿಮೆ ಕಟ್ಟಿಸಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಶುಲ್ಕವಿಲ್ಲ. ಚಿತ್ತ ಮಳೆ ಬರುವುದರೊಳಗೆ ಪಕ್ಕದ ಮನೆಯ ಅಜ್ಜಿಯ ಮಾಳಿಗೆಯನ್ನೂ ಒಮ್ಮೆ ನೋಡಿ ಬನ್ನಿ.