ಹೆಬ್ಬಾಳಕ್ಕೆ ರಾಸನ್ನು ಸಾಗಿಸುವುದಕ್ಕೆ ಮುಂಚೆ

(ಕೃಷಿ ಇನ್‌ಸ್ಪೆಕ್ಟರೊಬ್ಬರ ಅಭಿಪ್ರಾಯ)

ಯಲಹಂಕ, ಜಾಲ, ಹೆಸರಘಟ್ಟ ಈ ಸೀಮೆಯ ರೈತರಿಗೆ ರಾಸುಗಳ ಚಿಕಿತ್ಸೆಯ ವಿಷಯದಲ್ಲಿ ಇರುವಷ್ಟು ಅನುಕೂಲವು ರಾಜ್ಯದ ಇತರ ಭಾಗಗಳಲ್ಲಿ ಅನೇಕರಿಗೆ ಇಲ್ಲವೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಬಲ್ಲರು. ಹೆಬ್ಬಾಳದಲ್ಲಿ ೧೯೫೮ನೆಯ ಇಸವಿಯಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜೂ ಅದರ ಆಸ್ಪತ್ರೆಯೂ ಇವೆ. ೧೯೨೦ರ ದಶಕದಲ್ಲಿ ಮೈಸೂರು ಸರ್ಕಾರದವರು ದೊಡ್ಡರೋಗವನ್ನು ತಡೆಯಲು ಏರ್ಪಡಿಸಿದ ಸೀರಮ್ ಸಂಸ್ಥೆಯು ಬೆಳೆದು, ಈಗ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಾಗಿ ಲಸಿಕೆಗಳನ್ನು ತಯಾರಿಸುತ್ತ ರೋಗಪರೀಕ್ಷೆಯನ್ನೂ ನಡೆಸುತ್ತಲಿದೆ. ಯಲಹಂಕದ ರಾಮಗೊಂಡನಹಳ್ಳಿಯಲ್ಲಿರುವ ನಿವೇದಿ ಎಂಬ ಕೇಂದ್ರ ಸಂಸ್ಥೆಯು ದೇಶದ ರಾಸುಗಳ ಸಾಂಕ್ರಾಮಿಕ ರೋಗಗಳ ಲೆಕ್ಕವನ್ನಿಟ್ಟು ಶೋಧನೆ ಮಾಡುತ್ತಿದೆ. ಇಷ್ಟಿದ್ದರೂ ಬದುಕಬಹುದಾದ ರಾಸುಗಳು ನಮ್ಮ ಹಳ್ಳಿಗಳಲ್ಲಿ ಸಾಯುತ್ತಿರುವುದುಂಟು. ತಜ್ಞರ ಕೊರತೆಯಾಗಲಿ ದಾರಿಯ ದೂರವಾಗಲಿ ಇದಕ್ಕೆ ಮುಖ್ಯ ಕಾರಣವಲ್ಲ. ಊರಿನ ಪಶುವೈದ್ಯರಿಗೂ ದೊಡ್ಡ ಆಸ್ಪತ್ರೆಗೂ ನಡುವಣ ಕೊಂಡಿಯು ಸಡಿಲವಾಗಿರುವುದೇ ಕಾರಣವೆಂದು ನನ್ನ ಅಭಿಪ್ರಾಯ.

ನಾನು ಪಶುವೈದ್ಯನಲ್ಲ, ಬೇಸಾಯದ ಕೆಲಸದ ಮೇಲೆ ಹಳ್ಳಿಗಳನ್ನು ಸುತ್ತುವವನು. ಆದರೆ ಕೊಟ್ಟಿಗೆಯಲ್ಲಿ ಕರೆಯುವ ಹಸು ಮಲಗಿದರೆ ಆ ಮನೆಯ ಹೊಲಕ್ಕೆ ಗೊಬ್ಬರವೂ ಇಲ್ಲ, ಕೈಗೆ ಕಾಸೂ ಇಲ್ಲ. ಆದುದರಿಂದ ಈ ವಿಷಯವು ಬೇಸಾಯಕ್ಕೆ ಹೊರಗಾದುದಲ್ಲ.

ಮೊದಲನೆಯದಾಗಿ, ಊರಿನ ಪಶುವೈದ್ಯಶಾಲೆಯನ್ನು ದಾಟಿ ನೇರವಾಗಿ ಹೆಬ್ಬಾಳಕ್ಕೆ ಹೋಗುವ ಅಭ್ಯಾಸವನ್ನು ಬಿಡಬೇಕು. “ಹೇಗೂ ಅಲ್ಲಿಗೇ ಬರೆದುಕೊಡುತ್ತಾರೆ, ನಡುವೆ ಅರ್ಧ ದಿನವೇಕೆ ಕಳೆಯಬೇಕು?” ಎಂದು ಕೆಲವರು ಕೇಳುವರು. ಕೇಳುವುದು ನ್ಯಾಯವಾಗಿಯೇ ತೋರುತ್ತದೆ. ಆದರೆ ಕರು ಹಾಕಿದ ಹಸುವು ಹಾಲು ಜ್ವರದಿಂದ ನೆಲ ಹಿಡಿದರೆ, ಊರಿನ ವೈದ್ಯರು ಆ ಹೊತ್ತಿಗೇ ರಕ್ತನಾಳಕ್ಕೆ ಸುಣ್ಣದ ಸತ್ತ್ವವಾದ ಕ್ಯಾಲ್ಸಿಯಮ್ಮನ್ನು ಕೊಡುವುದರಿಂದ ಬಹುಮಟ್ಟಿಗೆ ಎದ್ದು ನಿಲ್ಲುವುದು. ಅದನ್ನೇ ಲಾರಿಗೆ ಹತ್ತಿಸಿ ಬಳ್ಳಾರಿ ರಸ್ತೆಯ ವಾಹನಗಳ ನಡುವೆ ನಿಲ್ಲಿಸಿಕೊಂಡರೆ ದಾರಿಯಲ್ಲಿಯೇ ಪ್ರಾಣ ಹೋಗಬಹುದು. ಯಾವ ರೋಗ ಇಲ್ಲಿಯೇ ಗುಣವಾಗತಕ್ಕದ್ದು, ಯಾವುದಕ್ಕೆ ಶಸ್ತ್ರಚಿಕಿತ್ಸೆ ಬೇಕು ಎಂಬುದನ್ನು ವಿಂಗಡಿಸುವುದೇ ಊರಿನ ವೈದ್ಯರ ದೊಡ್ಡ ಕೆಲಸ.

ಎರಡನೆಯದಾಗಿ, ಕಳುಹಿಸಬೇಕಾದುದನ್ನು ಬೇಗನೆ ಕಳುಹಿಸಬೇಕು. ಪಟ್ಟಣದ ಅಂಚಿನ ನಮ್ಮ ಹಳ್ಳಿಗಳಲ್ಲಿ ಕಟ್ಟಡದ ಕಸ ಬಿದ್ದ ಬಯಲಿನಲ್ಲಿ ಮೇಯುವ ರಾಸುಗಳು ತಂತಿ, ಮೊಳೆಗಳನ್ನು ನುಂಗುವುದುಂಟು. ಮೇವು ಬಿಟ್ಟ ಹಸುವಿಗೆ ಹೊಟ್ಟೆಯುಬ್ಬರವೆಂದು ವಾರಗಟ್ಟಲೆ ಮನೆಮದ್ದು ಕುಡಿಸುತ್ತ ಕುಳಿತರೆ, ತಂತಿಯು ಗುಂಡಿಗೆಯ ಚೀಲಕ್ಕೆ ಚುಚ್ಚಿ ಎದೆಯ ಕೆಳಗೆ ಬಾವು ಇಳಿಯುವುದು. ಆಮೇಲೆ ಎಂಥ ಶಸ್ತ್ರವೈದ್ಯರಿಗೂ ಮಾಡಲು ಉಳಿಯುವುದು ಅತ್ಯಲ್ಪ. ಗರ್ಭಕೋಶ ತಿರುಚಿಕೊಂಡ ಹಸುವಿನ ವಿಷಯದಲ್ಲಿಯಂತೂ ಗಂಟೆಗಳ ಲೆಕ್ಕವೇ ಹೊರತು ದಿನಗಳ ಲೆಕ್ಕವಿಲ್ಲ.

ಮೂರನೆಯದಾಗಿ, ರಾಸಿನ ಸಂಗಡ ಕಾಗದವೂ ಹೋಗಬೇಕು. ರೋಗ ಎಂದು ಮೊದಲಾಯಿತು, ಎಷ್ಟನೆಯ ಸೂಲು, ಗಬ್ಬವೇ ಅಲ್ಲವೇ, ಯಾವ ಔಷಧವನ್ನು ಯಾವ ದಿನ ಎಷ್ಟು ಕೊಟ್ಟಿದೆ, ಯಾವ ಲಸಿಕೆ ಹಾಕಿದೆ, ಇಷ್ಟನ್ನು ಊರಿನ ವೈದ್ಯರು ಬರೆದುಕೊಟ್ಟರೆ ಅಲ್ಲಿನವರು ಮೊದಲಿನಿಂದ ವಿಚಾರಿಸುವ ಶ್ರಮ ತಪ್ಪುವುದು. ಕೊಟ್ಟ ಮದ್ದನ್ನೇ ಪುನಃ ಕೊಡುವ ಅಪಾಯವೂ ತಪ್ಪುವುದು. ಅನೇಕ ವೇಳೆ ರಾಸೇ ಹೋಗಬೇಕಾಗಿಲ್ಲ. ಮಾದರಿ ಹೋದರೆ ಸಾಕು. ಉಣ್ಣೆಯಿಂದ ಬರುವ ಜ್ವರಕ್ಕೆ ರಕ್ತದ ಲೇಪನವೂ, ಕೆಚ್ಚಲು ಬಾವಿಗೆ ಶುಚಿಯಾದ ಸೀಸೆಯಲ್ಲಿ ಹಿಡಿದು ಮಂಜುಗಡ್ಡೆಯಲ್ಲಿಟ್ಟ ಹಾಲೂ ಬೇಕು. ಇವನ್ನು ಔಷಧ ಕೊಡುವುದಕ್ಕೆ ಮುಂಚೆಯೇ ತೆಗೆಯಬೇಕು. ಮದ್ದು ಬಿದ್ದ ಮೇಲೆ ತೆಗೆದ ಮಾದರಿಯಲ್ಲಿ ರೋಗದ ಬೀಜ ಕಾಣದೆ ಹೋಗಬಹುದು.

ನಾಲ್ಕನೆಯದಾಗಿ, ಅಂಟುರೋಗದ ಶಂಕೆಯಿದ್ದರೆ ರಾಸನ್ನು ಊರು ಬಿಟ್ಟು ಕದಲಿಸಲೇಕೂಡದು. ೨೦೧೩ನೆಯ ಇಸವಿಯಲ್ಲಿ ಕಾಲುಬಾಯಿ ಜ್ವರವು ದಕ್ಷಿಣ ಕರ್ನಾಟಕದಲ್ಲಿ ಸಾವಿರಾರು ರಾಸುಗಳನ್ನು ಬಲಿತೆಗೆದುಕೊಂಡುದನ್ನು ನಮ್ಮ ರೈತರು ಮರೆತಿಲ್ಲ. ಜೊಲ್ಲು ಸುರಿಸುವ ಹಸುವನ್ನು ಗಾಡಿಯಲ್ಲಿ ಹತ್ತು ಊರು ದಾಟಿಸುವುದೆಂದರೆ ಹತ್ತು ಊರಿಗೆ ರೋಗವನ್ನು ಹಂಚಿದಂತೆಯೇ ಸರಿ. ಇಂಥಲ್ಲಿ ವೈದ್ಯರೇ ರಾಸಿನ ಬಳಿಗೆ ಬರಬೇಕು. ಹಠಾತ್ತಾಗಿ ಸತ್ತು ಮೂಗು ಗುದಗಳಿಂದ ಕಪ್ಪು ರಕ್ತ ಬಂದ ರಾಸನ್ನು ಕೊಯ್ಯಲೂ ಕೂಡದು, ಚರ್ಮ ಸುಲಿಯಲೂ ಕೂಡದು. ಅದು ನೆರಡಿ ರೋಗವಾಗಿದ್ದರೆ ಮನುಷ್ಯರಿಗೂ ತಗಲುವುದು. ೨೦೦೯ನೆಯ ಇಸವಿಯ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯಿದೆಯ ಮೇರೆಗೆ, ಅನುಸೂಚಿಯಲ್ಲಿರುವ ರೋಗದ ಶಂಕೆ ಬಂದೊಡನೆ ರಾಸಿನ ಒಡೆಯನು ಗ್ರಾಮಾಧಿಕಾರಿಗಾಗಲಿ ಗ್ರಾಮ ಪಂಚಾಯಿತಿಗಾಗಲಿ ತಿಳಿಸತಕ್ಕದ್ದು. ಅವರಿಂದ ಸಮೀಪದ ಪಶುವೈದ್ಯರಿಗೆ ಲಿಖಿತ ವರದಿ ಹೋಗಬೇಕೆಂಬುದು ಅದರ ಆಶಯ. ಪಟೇಲ ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು ರದ್ದಾಗಿ ಬಹುಕಾಲವಾದರೂ, ಊರಿನ ಯಜಮಾನಿಕೆ ವಹಿಸಿದವರ ಈ ಹೊಣೆಯು ರದ್ದಾಗಿಲ್ಲ.

ಐದನೆಯದು ಎಲ್ಲರೂ ಮರೆಯುವಂಥದು. ಹೋದ ಕಾಗದಕ್ಕೆ ಉತ್ತರವು ಊರಿಗೆ ಹಿಂದಿರುಗಬೇಕು. ಹೊಲಿಗೆ ಬಿಚ್ಚುವುದು ಎಂದು, ಉಳಿದ ಮದ್ದು ಎಷ್ಟು ದಿನ, ಆ ಹಾಲನ್ನು ಎಷ್ಟು ದಿನ ಸಂಘಕ್ಕೆ ಹಾಕಕೂಡದು ಎಂಬುದು ಊರಿನ ವೈದ್ಯರಿಗೆ ತಿಳಿಯದಿದ್ದರೆ, ಅಲ್ಲಿ ಮಾಡಿದ ಚಿಕಿತ್ಸೆಯು ಇಲ್ಲಿ ಕೆಡುವುದು. ಇದಕ್ಕೆ ರೈತನನ್ನು ಮಾತ್ರ ದೂರಲಾಗದು. ಕಳುಹಿಸುವ ವೈದ್ಯರು ಕಾರಣವನ್ನು ಸ್ಪಷ್ಟವಾಗಿ ಬರೆಯಬೇಕು. ನೋಡಿದ ತಜ್ಞರು ಕನ್ನಡದಲ್ಲಿ ನಾಲ್ಕು ಸಾಲಿನ ಉತ್ತರವನ್ನು ರೈತನ ಕೈಯಲ್ಲಿ ಕೊಡಬೇಕು. ಇಲಾಖೆಯವರು ಇದನ್ನು ಕಡ್ಡಾಯಮಾಡಬೇಕೆಂದು ನನ್ನ ಸೂಚನೆ.

ಗ್ರಾಮ ಮುಖಂಡರಿಂದ ಆಗಬೇಕಾದುದು ಹೆಚ್ಚೇನಲ್ಲ. ಹಾಲು ಉತ್ಪಾದಕರ ಸಂಘದಲ್ಲಿ ಒಂದು ಪುಸ್ತಕವನ್ನಿಟ್ಟು, ಹೋದ ರಾಸು, ಹೋದ ದಿನ, ಬಂದ ಉತ್ತರ ಇವನ್ನು ಬರೆಯಿಸಲಿ. ಗಾಡಿಯ ಬಾಡಿಗೆಗಾಗಿ ಅಲ್ಪ ನಿಧಿಯೊಂದನ್ನು ಕೂಡಿಸಲಿ. ಬಡವನ ಹಸುವು ಬಾಡಿಗೆಯ ಹಣಕ್ಕಾಗಿ ಕಾಯುತ್ತ ಸಾಯುವುದು ಊರಿಗೆ ಶೋಭೆಯಲ್ಲ. ೧೯೬೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳಬಹುದೆಂಬುದನ್ನು ಸಂಘದ ಗೋಡೆಯ ಮೇಲೆ ಬರೆಯಿಸಲಿ.

ದೊಡ್ಡರೋಗವು ನಮ್ಮ ದೇಶದಿಂದ ತೊಲಗಿತೆಂದು ೨೦೦೬ರಲ್ಲಿಯೂ, ಲೋಕದಿಂದಲೇ ತೊಲಗಿತೆಂದು ೨೦೧೧ರಲ್ಲಿಯೂ ಸಾರಲಾಯಿತು. ಲಸಿಕೆಯೊಂದರಿಂದಲೇ ಅದು ಸಾಧ್ಯವಾಗಲಿಲ್ಲ. ಹಳ್ಳಿಹಳ್ಳಿಗೂ ಹೋಗಿ ರೋಗವನ್ನು ಹುಡುಕಿದವರೂ, ಕಂಡುದನ್ನು ಬಚ್ಚಿಡದೆ ತಿಳಿಸಿದ ಊರಿನವರೂ, ಪರೀಕ್ಷಿಸಿದ ಪ್ರಯೋಗಶಾಲೆಯವರೂ ಒಂದೇ ಹಗ್ಗದ ಎಳೆಗಳಂತೆ ಹೊಸೆದುಕೊಂಡುದರಿಂದ ಸಾಧ್ಯವಾಯಿತು. ಅಂಥ ಮಹಾಮಾರಿಯನ್ನೇ ಅಟ್ಟಿದ ನಮಗೆ, ಒಂದು ಕಾಗದವನ್ನು ಹೊತ್ತಿಗೆ ಸರಿಯಾಗಿ ಕಳುಹಿಸಿ ಅದರ ಉತ್ತರವನ್ನು ತರಿಸಿಕೊಳ್ಳುವುದು ಅಸಾಧ್ಯವಾದ ಕಾರ್ಯವೇನೂ ಅಲ್ಲ.