ಕಿರಿದಾದ ಜಾಗ, ಎತ್ತರದ ಅಕ್ಷರ

ಅಂಕಣದ ಅಗಲ ಕಡಿಮೆ, ತಲೆಬರಹ ಉದ್ದ. ಆದರೂ ಅದು ದೂರದಿಂದಲೇ ಕಣ್ಣಿಗೆ ಬೀಳಬೇಕು. ಅಚ್ಚುಮನೆಗಳನ್ನು ಬಹುಕಾಲ ಕಾಡಿದ ಈ ಸಮಸ್ಯೆಗೆ 1937ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆ ಕೊಟ್ಟ ಉತ್ತರದ ಹೆಸರು ‘ಆನಿಕ್ಸ್’. ಗೆರಿ ಪೊವೆಲ್ ರೂಪಿಸಿದ ಈ ರೋಮನ್ ಅಕ್ಷರಗಳಲ್ಲಿ ನೆಟ್ಟಗೆ ನಿಂತ ಗೀಟುಗಳು ದಪ್ಪ. ಅವನ್ನು ಕೂಡಿಸುವ ಅಡ್ಡಗೀಟುಗಳೂ ತುದಿಯ ಸೆರಿಫ್‌ಗಳೂ ಕೂದಲೆಳೆಯಷ್ಟು ಸಪೂರ. ಅಕ್ಷರದ ಒಡಲಿನ ಬಿಳಿ ಜಾಗ ಬರೀ ಒಂದು ಸೀಳು. 1989ರಲ್ಲಿ ಅಮೆರಿಕದ ‘ನಿರ್ವಾಣ’ ರಾಕ್ ತಂಡದ ಮೊದಲ ಆಲ್ಬಂ ‘ಬ್ಲೀಚ್’ ಬಂದಾಗ ಅದರ ಹೊದಿಕೆಯ ಮೇಲೆ ತಂಡದ ಹೆಸರಿದ್ದದ್ದು ಇದೇ ಅಕ್ಷರದಲ್ಲಿ. ಅಭಿಮಾನಿಗಳು ಇಂದಿಗೂ ಆ ಹೆಸರನ್ನು ಅದೇ ಆಕಾರದಲ್ಲಿ ಗುರುತಿಸುತ್ತಾರೆ.

ಈ ದಪ್ಪ–ಸಪೂರದ ಆಟ ಶುರುವಾದದ್ದು ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ. ಚೂಪು ಮೊನೆಯ ಲೇಖನಿಯನ್ನು ಒತ್ತಿದರೆ ಗೀಟು ಅಗಲವಾಗುತ್ತದೆ, ಹಗುರಾಗಿ ಎಳೆದರೆ ಸಣ್ಣದಾಗುತ್ತದೆ. ಆ ಕೈಬರಹದ ನಯವನ್ನು ಸೀಸದ ಮೊಳೆಗೆ ತರಬೇಕಾದರೆ ಕಾಗದವೂ ನಯವಾಗಿರಬೇಕಿತ್ತು. ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ 1757ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಅಚ್ಚು ಹಾಕುವಾಗ ಹೊಸ ಬಗೆಯ ನುಣುಪು ಕಾಗದ ಬಳಸಿದ, ಶಾಯಿಯನ್ನು ಇನ್ನಷ್ಟು ಕಪ್ಪಾಗಿಸಿದ, ಮುದ್ರಿತ ಹಾಳೆಗಳನ್ನು ಬಿಸಿ ತಗಡುಗಳ ನಡುವೆ ಒತ್ತಿದ. ಇಷ್ಟೆಲ್ಲ ಮಾಡಿದರೂ ಟೀಕೆ ತಪ್ಪಲಿಲ್ಲ. ಅವನ ಅಕ್ಷರಗಳು ತೀರ ಸಪೂರ, ಇಕ್ಕಟ್ಟು, ಓದಿದರೆ ಕಣ್ಣು ಹಾಳಾಗುತ್ತದೆ ಎಂದು ಒಬ್ಬರು ದೂರಿದರು. ಬೆಂಜಮಿನ್ ಫ್ರಾಂಕ್ಲಿನ್ ಆ ದೂರುಗಾರರ ಮುಂದೆ ಇನ್ನೊಬ್ಬ ಅಕ್ಷರ ತಯಾರಕ ಕ್ಯಾಸ್ಲನ್‌ನ ಅಕ್ಷರಗಳ ಮಾದರಿ ಹಾಳೆಯನ್ನು ಹೆಸರು ಹರಿದು ಹಾಕಿ ಇಟ್ಟು, ಬಾಸ್ಕರ್‌ವಿಲ್‌ನದು ಎಂದರು. ಆ ಮಹಾಶಯರು ಅದರಲ್ಲೂ ಅವೇ ದೋಷಗಳನ್ನು ಕಂಡರು. 1760ರಲ್ಲಿ ಫ್ರಾಂಕ್ಲಿನ್ ಈ ಪ್ರಸಂಗವನ್ನು ಬಾಸ್ಕರ್‌ವಿಲ್‌ಗೆ ಪತ್ರದಲ್ಲಿ ಬರೆದು ತಿಳಿಸಿದರು.

ಮುಂದಿನ ತಲೆಮಾರು ಇನ್ನೂ ಧೈರ್ಯ ಮಾಡಿತು. ಪ್ಯಾರಿಸ್‌ನಲ್ಲಿ ಫಿರ್ಮಾಂ ದಿದೋ, ಪಾರ್ಮಾದಲ್ಲಿ ಜಂಬತ್ತಿಸ್ತ ಬೊದೋನಿ ಸಪೂರ ಗೀಟನ್ನು ಲೋಹ ತಾಳುವ ಕೊನೆಯ ಮಿತಿಯವರೆಗೆ ಒಯ್ದರು. ಬೊದೋನಿ 1813ರಲ್ಲಿ ತೀರಿಕೊಂಡ ಮೇಲೆ, ಅವನ ಜೀವಮಾನದ ಅಕ್ಷರಗಳನ್ನೆಲ್ಲ ಒಳಗೊಂಡ ‘ಮಾನ್ವಾಲೆ ತಿಪೊಗ್ರಾಫಿಕೊ’ವನ್ನು ಪತ್ನಿ ಮಾರ್ಗೆರಿತಾ 1818ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದಳು.

ಅರಮನೆಯ ಆಶ್ರಯದಲ್ಲಿ, ಧಾರಾಳ ಅಂಚು ಬಿಟ್ಟ ಪುಟಗಳಲ್ಲಿ ಬೆಳೆದ ಈ ಅಕ್ಷರವನ್ನು ಬೀದಿಗೆ ತಂದದ್ದು ಜಾಹೀರಾತು. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1828ರಲ್ಲಿ ಮರದ ಮೊಳೆಗಳ ಮಾದರಿ ಪುಸ್ತಕ ಪ್ರಕಟಿಸಿದ. ಮರ ಹಗುರ, ಅಗ್ಗ; ಭಿತ್ತಿಪತ್ರದ ಅಕ್ಷರ ಎಷ್ಟು ಬೇಕಾದರೂ ದೊಡ್ಡದಾಗಬಹುದಿತ್ತು. ಹಾಳೆಯ ಅಗಲ ಮಾತ್ರ ಬೆಳೆಯಲಿಲ್ಲ. ಹೀಗಾಗಿ ಅಕ್ಷರ ಮೈ ಕಿರಿದು ಮಾಡಿಕೊಂಡು ಮೇಲಕ್ಕೆ ಚಾಚಿತು.

ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಮತ್ತೆ ಸೊಗಸಿನ ಗುರುತಾಗಿಸಿದ್ದು ಫ್ಯಾಷನ್ ಪತ್ರಿಕೆಗಳು. 1934ರಿಂದ 1958ರವರೆಗೆ ‘ಹಾರ್ಪರ್ಸ್ ಬಜಾರ್’ನ ಕಲಾ ನಿರ್ದೇಶಕರಾಗಿದ್ದ ಅಲೆಕ್ಸಿ ಬ್ರೊಡೊವಿಚ್ ದಿದೋ ಅಕ್ಷರಕ್ಕೂ ಖಾಲಿ ಜಾಗಕ್ಕೂ ಪುಟದಲ್ಲಿ ಸಮಾನ ಮರ್ಯಾದೆ ಕೊಟ್ಟರು. ಅದೇ ಪತ್ರಿಕೆಗಾಗಿ 1990ರ ದಶಕದ ಆರಂಭದಲ್ಲಿ ಜೊನಾಥನ್ ಹಾಫ್ಲರ್ ಹೊಸ ದಿದೋ ರಚಿಸಿದಾಗ ಒಂದೇ ವಿನ್ಯಾಸವನ್ನು ಹಿಗ್ಗಿಸಿ ಕುಗ್ಗಿಸಿ ಮುಗಿಸಲಿಲ್ಲ. 6 ಪಾಯಿಂಟ್‌ನಿಂದ 96 ಪಾಯಿಂಟ್‌ವರೆಗಿನ ಏಳು ಅಳತೆಗಳಿಗೆ ಏಳು ಬೇರೆ ರೂಪಗಳನ್ನು ಬರೆದರು. ಕಾರಣ ಸರಳ. ದೊಡ್ಡ ತಲೆಬರಹಕ್ಕೆಂದು ಬರೆದ ಸಪೂರ ಗೀಟು ಚಿಕ್ಕ ಅಳತೆಗೆ ಇಳಿದರೆ ಮಾಯವಾಗುತ್ತದೆ. ಚಿಕ್ಕದಕ್ಕೆಂದು ಬರೆದದ್ದನ್ನು ಹಿಗ್ಗಿಸಿದರೆ ಒರಟಾಗುತ್ತದೆ.

ಅಗಲಕ್ಕೂ ಇದೇ ನಿಯಮ. ಇವತ್ತು ಡಿಟಿಪಿ ಕೋಣೆಯಲ್ಲಿ ತಲೆಬರಹ ಸಾಲಿಗೆ ಹಿಡಿಸದಿದ್ದರೆ ಅಗಲವನ್ನು ಶೇ. 70ಕ್ಕೆ ಇಳಿಸುವುದು ಕ್ಷಣದ ಕೆಲಸ. ಆಗ ನಿಂತ ಗೀಟುಗಳು ಬಡಕಲಾಗುತ್ತವೆ, ಅಡ್ಡಗೀಟುಗಳು ಮೊದಲಿನ ದಪ್ಪದಲ್ಲೇ ಉಳಿಯುತ್ತವೆ. ಆನಿಕ್ಸ್‌ನಂಥ ಅಕ್ಷರದ ಜೀವವಾದ ಅನುಪಾತವೇ ತಿರುವುಮುರುವಾಗುತ್ತದೆ. ಕನ್ನಡದಲ್ಲಿ ಪೆಟ್ಟು ಇನ್ನೂ ಜೋರು: ದುಂಡು ಒಡಲುಗಳು ಮೊಟ್ಟೆಯಾಗುತ್ತವೆ, ತಲೆಕಟ್ಟು ಭಾರವಾಗುತ್ತದೆ, ಒತ್ತಕ್ಷರದೊಳಗಿನ ಸಂದು ಮುಚ್ಚಿಹೋಗುತ್ತದೆ. ಸಂಧಿ, ವಿಭಕ್ತಿಗಳಿಂದ ಪದ ಉದ್ದವಾಗುವ ನಮ್ಮ ನುಡಿಗೆ ಕಿರಿಯಗಲದ ಅಕ್ಷರ ನಿಜಕ್ಕೂ ಬೇಕು. ಆದರೆ ಅದನ್ನು ಬರೆಯಬೇಕು, ಹಿಂಡಬಾರದು.

ಬರೆಯಲು ಸಾಧ್ಯ ಎಂಬುದಕ್ಕೆ ಮುಂಬೈನ ಏಕ್ ಟೈಪ್ ಬಳಗದ ‘ಅನೇಕ್’ ಸಾಕ್ಷಿ. ಒಂಬತ್ತು ಭಾರತೀಯ ಲಿಪಿಗಳನ್ನೂ ರೋಮನ್ನನ್ನೂ ಒಳಗೊಂಡ, ಉಚಿತವಾಗಿ ಸಿಗುವ ಈ ಫಾಂಟಿನ ಕನ್ನಡ ರೂಪದಲ್ಲಿ ಅಗಲ ಬದಲಾದಂತೆ ಗೀಟಿನ ದಪ್ಪವೂ ಹದಗೊಳ್ಳುತ್ತದೆ. ಆದರೆ ಅದರ ಗೀಟುಗಳು ಬಹುಮಟ್ಟಿಗೆ ಸಮದಪ್ಪದವು. ದಪ್ಪ–ಸಪೂರಗಳ ಬೆಡಗನ್ನು ಕನ್ನಡದ ತಿರುವುಗಳಿಗೇ ಒಗ್ಗುವಂತೆ ಹೊಸದಾಗಿ ಯೋಚಿಸಿದ, ತಲೆಬರಹಕ್ಕೆಂದೇ ಬರೆದ ಕಿರಿಯಗಲದ ಅಕ್ಷರಗಳು ಇನ್ನೂ ಹೆಚ್ಚು ಬರಬೇಕು. ಬೊದೋನಿಯ ನಕಲಿನಿಂದ ಇದು ಆಗದು. ನಮ್ಮ ಅಕ್ಷರಗಳಲ್ಲಿ ಸಾಲುಗಟ್ಟಿ ನಿಲ್ಲುವ ನೆಟ್ಟಗೀಟುಗಳಿಲ್ಲ. ಪತ್ರಿಕೆಗಳೂ ಪ್ರಕಾಶಕರೂ ಅಕ್ಷರ ವಿನ್ಯಾಸಕರಿಗೆ ಇಂಥ ಕೆಲಸ ಒಪ್ಪಿಸಲಿ, ತಕ್ಕ ಸಂಭಾವನೆ ಕೊಡಲಿ, ಮುಖಪುಟ ಕಲಾವಿದರ ಹೆಸರಿನ ಪಕ್ಕದಲ್ಲಿ ಅವರ ಹೆಸರನ್ನೂ ಅಚ್ಚು ಹಾಕಲಿ.