ಕಾಳಿ ಸೇತುವೆಯಲ್ಲಿ ರೀಟೇಕ್ ಇಲ್ಲ!

ಬೀಚಿನ ಸೀನು ಅಂದ ಕೂಡಲೇ ನಮ್ಮ ಗಾಂಧಿನಗರದವರಿಗೆ ಗೋವಾ ನೆನಪಾಗುತ್ತದೆ. ಇದು ಇಂದು ನಿನ್ನೆಯ ಚಟವಲ್ಲ ಬಿಡಿ. 1968ರಲ್ಲೇ ದೊರೆ-ಭಗವಾನ್ ಜೋಡಿ ಅಣ್ಣಾವ್ರನ್ನು 'ಗೋವಾದಲ್ಲಿ ಸಿ.ಐ.ಡಿ. 999' ಮಾಡಿತ್ತು! ಆದರೆ ಗೋವಾ ಗಡಿಗೆ ಮುಂಚೆ ನಮ್ಮದೇ ಕಾರವಾರ, ಅಲ್ಲೊಂದು ಕಾಳಿ ನದಿ, ಅದರ ಮೇಲೊಂದು ಸೇತುವೆ ಇದೆಯಲ್ರೀ, ಅದನ್ನು ನಿಂತು ನೋಡಿದವರೆಷ್ಟು ಮಂದಿ?

ನಾನು ಯಾದಗಿರಿ ಸೀಮೆಯ ಬಳಿಚಕ್ರದವನು. ಪಿ.ಯು.ಸಿ. ಬಿಟ್ಟವನಿಗೆ ಸಮುದ್ರದ ಪಾಠ ಮಾಡಿದ್ದು ಥೇಟರಿನ ಪರದೆಯೇ. 2025ರ ಜನವರಿಯಲ್ಲಿ ಊರಿನ ಇಬ್ಬರು ಗೆಳೆಯರ ಜೊತೆ ಬಸ್ ಹತ್ತಿದೆ. ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟು, ಅಂಕೋಲಾ... ಆಮೇಲೆ ಕಾರವಾರ.

ಕೋಡಿಬಾಗದಿಂದ ಸದಾಶಿವಗಡದ ಕಡೆ ಸೇತುವೆ ದಾಟುವಾಗ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಹಸಿರು ಗುಡ್ಡಗಳ ಸಾಲು, ಎದುರಿಗೆ ಕೋಟೆಯ ಗುಡ್ಡ. ಕೆಳಗೆ 184 ಕಿಲೋಮೀಟರ್ ಹರಿದು ಬಂದ ಕಾಳಿ. ಯಾವ ಕ್ಯಾಮೆರಾಮನ್ ಬಂದರೂ ಲೈಟಿಂಗ್ ಕೇಳದ ಜಾಗ! 1883ರಲ್ಲಿ ಇಲ್ಲಿಗೆ ಬಂದಿದ್ದ ರವೀಂದ್ರನಾಥ ಟಾಗೋರರಿಗೆ ಬರೀ 22 ವರ್ಷ, ನಮ್ಮ ನಿಮ್ಮ ವಯಸ್ಸು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್. ಬೆಳದಿಂಗಳಲ್ಲಿ ಈ ಕಾಳಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಅವರ ಹೆಸರಿನ ಬೀಚು ಇಂದಿಗೂ ಊರೊಳಗೇ ಇದೆ.

ನಾವು ನಿಂತದ್ದು ಹೊಸ ಸೇತುವೆಯ ಮೇಲೆ. ಪಕ್ಕದಲ್ಲಿದ್ದ 1983ರ ಹಳೇ ಸೇತುವೆ, 41 ವರ್ಷ ಲಾರಿ ಬಸ್ಸು ಹೊತ್ತು, 2024ರ ಆಗಸ್ಟ್ 7ರ ನಡುರಾತ್ರಿ ಒಂದರ ಸುಮಾರಿಗೆ ಕುಸಿದುಬಿತ್ತು. ತಮಿಳುನಾಡಿನ ಲಾರಿಯೊಂದು ಹೊಳೆಗೆ ಬಿತ್ತು. ಕತ್ತಲು, ಮಳೆಗಾಲ, ತುಂಬಿದ ನೀರು. ಡ್ರೈವರ್ ಮುಳುಗುತ್ತಿದ್ದ ಲಾರಿಯ ಮೇಲೆ ಹತ್ತಿ ನಿಂತ. ಪೊಲೀಸರೂ ಅಲ್ಲಿನ ಮೀನುಗಾರರೂ ಸೇರಿ ಅವನನ್ನು ಜೀವಂತ ದಡಕ್ಕೆ ತಂದರು. ಆ ರಾತ್ರಿ ಮೈಕ್ ಹಿಡಿದು 'ಆಕ್ಷನ್' ಅಂದವರು ಯಾರೂ ಇರಲಿಲ್ಲ. ದೋಣಿ ಇತ್ತು, ಹೊಳೆ ಬಲ್ಲ ಕೈಗಳಿದ್ದವು. ಅಷ್ಟೇ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು 2016ರ ನವೆಂಬರ್ 7. 'ಮಾಸ್ತಿ ಗುಡಿ' ಚಿತ್ರದ ಕ್ಲೈಮ್ಯಾಕ್ಸಿಗೆ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿನಿಂದ ಜಿಗಿದ ಖಳನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅಲ್ಲಿ ಕ್ಯಾಮೆರಾ ಇತ್ತು, ಹೆಲಿಕಾಪ್ಟರ್ ಇತ್ತು, ಇಡೀ ಯೂನಿಟ್ಟೇ ಇತ್ತು! ಬೇಕಾದ ಹೊತ್ತಿಗೆ ಕೈಗೆ ಸಿಗುವ ದೋಣಿ ಮಾತ್ರ ಇರಲಿಲ್ಲ.

ಹೀರೋ ಜಿಗಿದದ್ದನ್ನು ನೋಡಿ ಶಿಳ್ಳೆ ಹೊಡೆಯುವವರು ನಾವು. ಹೊಡೆಯೋಣ, ತಪ್ಪಿಲ್ಲ. ಆದರೆ ಆ ಜಿಗಿತ ಬೀಚಿಗೂ ಬಂದರೆ ಕಷ್ಟ. ನನ್ನ ಗೆಳೆಯ ಅಂಗಿ ಬಿಚ್ಚಿ, "ಲೇ, ಅಲ್ಲಿ ನೋಡಲೇ, ತೆರೀನೇ ಇಲ್ಲ. ಅಲ್ಲೇ ಇಳಿಯೋಣ ನಡಿ" ಅಂತ ಹೊರಟ. ಬಲೆ ಬಿಡಿಸುತ್ತ ಕೂತಿದ್ದ ಮೀನುಗಾರ ಮುದುಕ ಕೈ ಅಡ್ಡ ಹಾಕಿದ. "ತಮ್ಮಾ, ತೆರೆ ಇಲ್ಲದ ಕಡೆ ನೀರು ವಾಪಸ್ ಹೋಗ್ತಾ ಇರ್ತದೆ. ನಿನ್ನನ್ನೂ ಕರ್ಕೊಂಡು ಹೋಗ್ತದೆ" ಅಂದ.

ಗುಟ್ಟು ಇದೇ ನೋಡ್ರೀ. ತೆರೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ದಾರಿ ಮಾಡಿಕೊಂಡು ಹಿಂದಕ್ಕೆ ಹೋಗಲೇಬೇಕು. ಎರಡು ಬದಿಗೆ ಬಿಳೀ ನೊರೆ, ನಡುವೆ ಸಪಾಟಾದ ಕಪ್ಪು ನೀರು ಕಂಡರೆ ಅದೇ ಆ ದಾರಿ. ಅದರಲ್ಲಿ ಸಿಕ್ಕರೆ ನೇರ ದಡಕ್ಕೆ ಈಜಬೇಡಿ, ದಣಿದು ಮುಳುಗುತ್ತೀರಿ. ದಡದ ಉದ್ದಕ್ಕೆ ಅಡ್ಡ ಈಜಿ, ಸೆಳೆತ ದಾಟಿ, ಆಮೇಲೆ ಒಳಗೆ ಬನ್ನಿ. ಅದಾಗದಿದ್ದರೆ ತೇಲುತ್ತ ಕೈ ಎತ್ತಿ ಕೂಗಿ. ಇನ್ನು ಹೊಳೆ ಕಡಲು ಸೇರುವ ಅಳಿವೆಯ ಮಾತೇ ಬೇರೆ. ನಮ್ಮ ಭೀಮೆ ಒಂದೇ ದಿಕ್ಕಿಗೆ ಹರಿಯುವವಳು. ಇಲ್ಲಿ ಉಬ್ಬರ ಬಂದಾಗ ದಿನಕ್ಕೆರಡು ಸಲ ಸಮುದ್ರವೇ ಹೊಳೆಯೊಳಗೆ ನುಗ್ಗುತ್ತದೆ!

ಬಯಲುಸೀಮೆಯವರಿಗೆ ಇದು ತಿಳಿದಿರಲೇಬೇಕು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಹಾವೇರಿ ಜಿಲ್ಲೆಯಿಂದ ಬಂದ ಹಲವರು ಅದರಲ್ಲಿದ್ದರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಮುಳುಗಿದ 4 ವಿದ್ಯಾರ್ಥಿನಿಯರು ಮುಳಬಾಗಿಲಿನಿಂದ ಪ್ರವಾಸ ಬಂದ ಮಕ್ಕಳು. ಇಬ್ಬರ ಊರಿಗೂ ಸಮುದ್ರ ದೂರ.

ಅದಕ್ಕೇ ಹೇಳೋದು: ಹೋಗಿ ಬನ್ನಿ, ಖಂಡಿತ ಹೋಗಿ. ಮಳೆಗಾಲ ಕಳೆದ ಮೇಲೆ ಹೋಗಿ. ದೋಣಿ ಹತ್ತುವ ಮುಂಚೆ ಲೈಫ್ ಜಾಕೆಟ್ ಕೇಳಿ. ಕೊಡದಿದ್ದರೆ, ಜನ ಜಾಸ್ತಿಯಾದರೆ, ಇಳಿದುಬಿಡಿ. ದಡದಲ್ಲಿ ಬಲೆ ಹಿಡಿದವರು ಬೇಡ ಅಂದರೆ ಅವರೇ ಅಲ್ಲಿನ ಡೈರೆಕ್ಟರು ಅಂತ ತಿಳಿಯಿರಿ.

ನಿರ್ಮಾಪಕ ಮಹಾಶಯರಿಗೂ ಒಂದು ಮಾತು. ಮುಂದಿನ ಸಲ ಬೀಚಿಗೆ ಬಂದಾಗ ಗೋವಾ ದಾರಿಯಲ್ಲಿ ಕಾಳಿ ಹತ್ತಿರ ಇಳಿಯಿರಿ. ಆ ಆಗಸ್ಟ್ ರಾತ್ರಿಯ ಕಥೆಗೆ ಸ್ಟಂಟ್ ಮಾಸ್ಟರ್ ಬೇಕಾಗಿಲ್ಲ. ಶೂಟಿಂಗ್ ಮಾಡುವುದಾದರೆ ಮಾತ್ರ, ದಯವಿಟ್ಟು, ಮೊದಲು ದೋಣಿ ತರಿಸಿ. ಆಮೇಲೆ ಕ್ಯಾಮೆರಾ.